ಹೊಳೆಯ ಪಂಚಾಂಗ: ಬ್ರೌನ್ ಟ್ರೌಟ್ ಜೊತೆ ಮಾರ್ಚ್‌ನಿಂದ ನವೆಂಬರ್‌ವರೆಗೆ

ಎಲ್ಲರಿಗೂ ನಮಸ್ಕಾರ. ಮೀನು ಹಿಡಿಯುವ ವಿಷಯ ಅಂದಮೇಲೆ ಗಾಳದ ಕೋಲು ತಂದಿರುತ್ತೇನೆ ಅಂತ ನೀವು ಅಂದುಕೊಂಡಿರುತ್ತೀರಿ. ತಂದಿದ್ದೇನೆ, ಅಲ್ಲಿ ಗೋಡೆಗೆ ಒರಗಿಸಿಟ್ಟಿದ್ದೇನೆ. ಆದರೆ ಮೊದಲು ತೋರಿಸಬೇಕಾದದ್ದು ನನ್ನ ಕೈಯಲ್ಲಿರುವ ಈ ಥರ್ಮಾಮೀಟರ್. ಹಿತ್ತಾಳೆಯ ಕೊಳವೆಯೊಳಗೆ ಒಂದು ಗಾಜಿನ ಕಡ್ಡಿ, ತುದಿಗೆ ಒಂದು ಮಾರು ಹುರಿ. ಹೊಳೆಗೆ ಹೋದ ಕೂಡಲೇ ನಾನು ಮಾಡುವ ಮೊದಲ ಕೆಲಸ ಇದನ್ನು ನೆರಳಿರುವ ಕಡೆ, ನೀರು ಹರಿಯುತ್ತಿರುವ ಕಡೆ ಇಳಿಬಿಟ್ಟು ಎರಡು ನಿಮಿಷ ಸುಮ್ಮನೆ ಕೂರುವುದು. ಆಮೇಲೆ ಎತ್ತಿ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಕೋಲು ಜೋಡಿಸುವುದು, ದಾರ ಪೋಣಿಸುವುದು ಎಲ್ಲ ಅದರ ನಂತರ. ಟ್ರೌಟ್ ಮೀನಿನ ಪಂಚಾಂಗ ನೀರಿನ ಬಿಸುಪಿನಲ್ಲಿದೆ ಅನ್ನುವುದು ನನಗೆ ಗೊತ್ತಾಗಲು ಹಲವು ವರ್ಷ ಬೇಕಾಯಿತು. ಇವತ್ತು ನಾನು ಹೇಳುವುದೆಲ್ಲ ಆ ಪಂಚಾಂಗದ ಕಥೆ.

ನಾನು ಹೆಚ್ಚಾಗಿ ಹೋಗುವುದು ವಾರ್ಫ್ ಹೊಳೆಗೆ. ಇಂಗ್ಲೆಂಡಿನ ಉತ್ತರದಲ್ಲಿ, ಯಾರ್ಕ್‌ಶೈರ್‌ನ ಗುಡ್ಡಗಳಲ್ಲಿ ಹುಟ್ಟಿ, ಸುಣ್ಣಕಲ್ಲಿನ ಹಾಸುಗಳ ಮೇಲೆ ಹರಿದು ಬರುವ ಮಳೆಹೊಳೆ ಅದು. ರಾತ್ರಿ ಮಳೆ ಸುರಿದರೆ ಬೆಳಿಗ್ಗೆ ಚಹಾದ ಬಣ್ಣಕ್ಕೆ ತಿರುಗಿ ಉಕ್ಕುತ್ತದೆ. ಮೂರು ದಿನದಲ್ಲಿ ಮತ್ತೆ ಇಳಿದು ತಿಳಿಯಾಗುತ್ತದೆ. ಆ ಭಾಗದಲ್ಲಿ ಟ್ರೌಟ್ ಹಿಡಿಯುವ ಅವಧಿ ತೆರೆಯುವುದು ಮಾರ್ಚ್ ಕೊನೆಯ ವಾರ, ಮುಚ್ಚುವುದು ಸೆಪ್ಟೆಂಬರ್ 30ಕ್ಕೆ. ಸ್ಕಾಟ್‌ಲೆಂಡಿನಲ್ಲಿ ಕಾನೂನಿನ ಪ್ರಕಾರ ಮಾರ್ಚ್ 15ರಿಂದ ಅಕ್ಟೋಬರ್ 6. ಇಂಗ್ಲೆಂಡಿನಲ್ಲಿ ಗಾಳ ಹಾಕುವವರಿಗೆ ಸರ್ಕಾರದ ಲೈಸೆನ್ಸ್ ಬೇಕು. ಅದರ ಮೇಲೆ ಆ ದಡದ ಹಕ್ಕು ಯಾರದ್ದೋ ಅವರ ಅನುಮತಿಯೂ ಬೇಕು. ಸಾಮಾನ್ಯವಾಗಿ ಯಾವುದಾದರೂ ಕ್ಲಬ್ಬಿನ ಸದಸ್ಯತ್ವ, ಇಲ್ಲವೇ ಒಂದು ದಿನದ ಟಿಕೆಟ್.

ಮೊದಲ ವರ್ಷ, ಮೊದಲ ದಿನ ನಡೆದದ್ದನ್ನು ಹೇಳಿಬಿಡುತ್ತೇನೆ. ಬೆಳಿಗ್ಗೆ ಎಂಟಕ್ಕೇ ಹೊಳೆಯಲ್ಲಿದ್ದೆ. ಆಳವಿಲ್ಲದ ಒಂದು ಕಡೆ, ಒಳ್ಳೆಯ ಬಿಳಿ ಗರಸು ಹಾಸಿದ್ದ ಜಾಗದಲ್ಲಿ ದಾಟೋಣ ಅಂತ ಕಾಲಿಟ್ಟೆ. ದಡದ ಮೇಲಿಂದ ಒಂದು ಕೂಗು ಕೇಳಿಸಿತು. ಕ್ಲಬ್ಬಿನ ಪರವಾಗಿ ಹೊಳೆ ಕಾಯುವ ಹಿರಿಯರು. "ಅಲ್ಲಿ ತುಳಿಯಬೇಡಿ, ಕೆಳಗಿನ ಬಂಡೆಯ ಮೇಲೆ ಬನ್ನಿ" ಅಂದರು. ಜಾರುವ ಬಂಡೆಗಿಂತ ಗರಸು ಸಲೀಸಲ್ಲವೇ ಅಂತ ನನಗೆ ಅರ್ಥವಾಗಲಿಲ್ಲ. ಆದರೂ ಹಾಗೇ ಮಾಡಿದೆ. ಅವರು ಹತ್ತಿರ ಬಂದು ನನ್ನ ಕೋಲು ನೋಡಿ, ಗಡಿಯಾರ ನೋಡಿ, "ನೀರು 5 ಡಿಗ್ರಿ ಇದೆ. ಹನ್ನೆರಡೂವರೆವರೆಗೆ ಏನೂ ಆಗುವುದಿಲ್ಲ. ಆಮೇಲೆ ಒಂದು ಗಂಟೆ ಆಗುತ್ತದೆ" ಅಂದು ಹೊರಟುಹೋದರು. ಹನ್ನೆರಡೂ ಮುಕ್ಕಾಲಿಗೆ ನೀರಿನ ಮೇಲೆ ಬೂದುಬಣ್ಣದ ಪುಟ್ಟ ಹಾಯಿಗಳ ಹಾಗೆ ಕೀಟಗಳು ತೇಲತೊಡಗಿದವು, ಅವನ್ನು ತಿನ್ನಲು ಮೀನು ನೀರಿನ ಮೇಲಕ್ಕೆ ಏಳತೊಡಗಿತು. ಎರಡು ಗಂಟೆಗೆ ಹೊಳೆ ಮತ್ತೆ ಖಾಲಿ. ಮರುವಾರ ನಾನು ಥರ್ಮಾಮೀಟರ್ ತೆಗೆದುಕೊಂಡೆ.

ಈಗ ಮೀನಿನ ಬಗ್ಗೆ. ಬ್ರೌನ್ ಟ್ರೌಟ್ ಯೂರೋಪಿನ ಮೂಲನಿವಾಸಿ. ಪಶ್ಚಿಮ ಏಷ್ಯಾದಲ್ಲಿ, ಉತ್ತರ ಆಫ್ರಿಕಾದ ಅಟ್ಲಾಸ್ ಬೆಟ್ಟಗಳ ತೊರೆಗಳಲ್ಲಿ ಕೂಡ ಇದೆ. 1758ರಲ್ಲಿ ಲಿನೇಯಸ್ ಇದಕ್ಕೆ ಸಾಲ್ಮೋ ಟ್ರುಟ್ಟಾ ಅಂತ ಹೆಸರಿಟ್ಟ. ಹೊಳೆಯಲ್ಲೇ ಉಳಿಯುವ ಟ್ರೌಟ್, ಸಮುದ್ರಕ್ಕೆ ಹೋಗಿ ಬೆಳ್ಳಿಯ ಮೈ ಹೊತ್ತು ವಾಪಸಾಗುವ ಸೀ ಟ್ರೌಟ್, ಎರಡೂ ಒಂದೇ ಜಾತಿ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬ ಊರಲ್ಲೇ ಉಳಿದು ಇನ್ನೊಬ್ಬ ದೂರ ದುಡಿಯಲು ಹೋದ ಹಾಗೆ. ಹೊಳೆಯಲ್ಲೇ ಹುಟ್ಟಿ ಬೆಳೆದ ಟ್ರೌಟನ್ನು ಬೇರೆ, ಸಾಕಣೆ ಕೇಂದ್ರದಲ್ಲಿ ಬೆಳೆಸಿ ತಂದು ಬಿಟ್ಟ ಟ್ರೌಟನ್ನು ಬೇರೆ ಎಂದೇ ಲೆಕ್ಕ ಹಾಕಬೇಕು. ನಾನು ಮಾತಾಡುತ್ತಿರುವುದು ಮೊದಲನೆಯದರ ಬಗ್ಗೆ ಮಾತ್ರ. ಸಾಕಿದ ಮೀನು ಕಾಡಿನ ಮೀನಿನೊಂದಿಗೆ ಕೂಡಿ ಮರಿ ಮಾಡಿದರೆ ಆ ಹೊಳೆಗೆ ಸಾವಿರಾರು ವರ್ಷದಿಂದ ಒಗ್ಗಿಕೊಂಡ ತಳಿ ಸಡಿಲವಾಗುತ್ತದೆ. ಅದಕ್ಕೇ ವೇಲ್ಸ್‌ನಲ್ಲಿ ಹೊಳೆಗಳಿಗೆ ಟ್ರೌಟ್‌ನ ಬಂಧುವಾದ ಸಾಲ್ಮನ್ ಮೀನನ್ನು ಸಾಕಿ ಬಿಡುವುದನ್ನೇ ನಿಲ್ಲಿಸಿದರು. ಇಂಗ್ಲೆಂಡಿನಲ್ಲಿ ಸಾಕಿದ ಟ್ರೌಟ್ ಬಿಡುವುದಾದರೆ ಸಂತಾನವಾಗದ ಮೀನು ಬಿಡಬೇಕು ಅನ್ನುವ ನೀತಿ ಬಂತು. ಎರಡೂ ಒಳ್ಳೆಯ ನಿರ್ಧಾರ ಅನ್ನುವುದು ನನ್ನ ಅಭಿಪ್ರಾಯ.

ವಾರ್ಫ್‌ನಂಥ ಗುಡ್ಡದ ಹೊಳೆಯಲ್ಲಿ ಮುಕ್ಕಾಲು ಅಡಿ ಉದ್ದದ ಟ್ರೌಟ್ ಅಂದರೆ ಒಳ್ಳೆಯ ಮೀನು. ಒಂದು ಅಡಿ ದಾಟಿದರೆ ಮನೆಗೆ ಬಂದು ಹೇಳಿಕೊಳ್ಳುವ ಮೀನು. ಒದ್ದೆ ಕೈಯಲ್ಲಿ, ನೀರಿನ ಮಟ್ಟದಲ್ಲೇ ಹಿಡಿದು ನೋಡಿದರೆ ಬೆನ್ನು ಎಣ್ಣೆ ಹಚ್ಚಿದ ಹಳೇ ಮರದ ಬಣ್ಣ. ಪಕ್ಕೆಗಿಳಿದಂತೆ ಬೆಣ್ಣೆಯ ಹಳದಿ. ಮೇಲೆಲ್ಲ ಕಪ್ಪು ಚುಕ್ಕೆ, ನಡುನಡುವೆ ಕುಂಕುಮದಷ್ಟು ಕೆಂಪು ಚುಕ್ಕೆ, ಪ್ರತಿ ಕೆಂಪು ಚುಕ್ಕೆಯ ಸುತ್ತ ತೆಳು ಬಿಳಿ ಉಂಗುರ. ಬೆನ್ನಿನ ಕೊನೆಯಲ್ಲಿ ಬಾಲಕ್ಕೆ ಮುಂಚೆ ಮೂಳೆಯಿಲ್ಲದ ಒಂದು ಪುಟ್ಟ ರೆಕ್ಕೆ, ಅದರ ಅಂಚಿಗೂ ಕೆಂಪು. ಚುಕ್ಕೆಗಳ ಜೋಡಣೆ ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ, ಒಂದಕ್ಕಿದ್ದಂತೆ ಇನ್ನೊಂದಕ್ಕಿಲ್ಲ. ಒಂದೇ ಬಂಡೆಯ ಹಿಂದೆ ಎರಡು ವರ್ಷದ ಅಂತರದಲ್ಲಿ ಹಿಡಿದ ಮೀನಿನ ಎರಡು ಫೋಟೋ ಪಕ್ಕಪಕ್ಕ ಇಟ್ಟು ನೋಡಿದಾಗ ಎಡಕಿವಿರಿನ ಮೇಲಿನ ಮೂರು ಚುಕ್ಕೆಗಳ ತ್ರಿಕೋನ ಎರಡರಲ್ಲೂ ಒಂದೇ ಇತ್ತು. ಅದೇ ಮೀನು, ಅದೇ ಬಂಡೆ! ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಜಾಗ ಅನ್ನುವುದು ಟ್ರೌಟ್‌ಗೆ ಆಸ್ತಿ. ಸೆಳವಿಗೆ ಎದುರಾಗಿ ನಿಲ್ಲಬೇಕು, ಆದರೆ ಈಜಿ ಸುಸ್ತಾಗಬಾರದು. ಆಹಾರ ಹರಿದು ಬರುವ ದಾರಿ ಮೂಗಿನ ಹತ್ತಿರವೇ ಇರಬೇಕು. ಅಪಾಯ ಬಂದರೆ ನುಗ್ಗಲು ಬೇರು, ಬಂಡೆ, ಮಡು ಏನಾದರೂ ಪಕ್ಕದಲ್ಲಿರಬೇಕು. ಇವು ಮೂರೂ ಕೂಡಿದ ಜಾಗ ಆ ಹೊಳೆಯ ದೊಡ್ಡ ಮೀನಿನದು. ಅದು ಹೋದರೆ ಎರಡನೆಯದು ಅಲ್ಲಿಗೆ ಬರುತ್ತದೆ. ಹಾಗಾಗಿ ನೀರಿನ ಮೇಲೆ ನೊರೆಯ ಗೆರೆ ಹರಿಯುವುದನ್ನು ನೋಡಿ. ನೊರೆಯನ್ನು ಒಯ್ಯುವ ಸೆಳವೇ ಕೀಟಗಳನ್ನೂ ಒಯ್ಯುತ್ತದೆ. ಹೊಸಬರು ಹೊಳೆಯ ಮಧ್ಯಕ್ಕೆ ಎಸೆಯುತ್ತಾರೆ. ಅನುಭವಿಗಳು ದಡದಿಂದ ಒಂದು ಮೊಳ ದೂರದ ನೊರೆಗೆರೆಯನ್ನು ಹತ್ತು ನಿಮಿಷ ನೋಡುತ್ತಾ ಕೂರುತ್ತಾರೆ.

ಫ್ಲೈ ಅಂದರೇನು ಅಂತ ಕೇಳುವವರಿಗೆ ಚಿಕ್ಕದಾಗಿ ಹೇಳುತ್ತೇನೆ. ಪುಟ್ಟ ಕೊಕ್ಕೆಯ ಮೇಲೆ ರೇಷ್ಮೆ ನೂಲು, ಪ್ರಾಣಿಯ ತುಪ್ಪಳ, ಹಕ್ಕಿಯ ಗರಿ ಸುತ್ತಿ ಕೀಟದ ಹಾಗೆ ಕಾಣುವಂತೆ ಕಟ್ಟಿದ್ದು. ಅದಕ್ಕೆ ತೂಕವೇ ಇಲ್ಲ, ಎಸೆದರೆ ಒಂದು ಗಜ ಹೋಗುವುದಿಲ್ಲ. ಅದಕ್ಕೇ ಇಲ್ಲಿ ತೂಕ ಇರುವುದು ದಾರದಲ್ಲಿ. ದಪ್ಪನೆಯ ದಾರ ಹಿಂದಕ್ಕೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾದು, ಆಮೇಲೆ ಮುಂದಕ್ಕೆ ತಳ್ಳಿದರೆ, ಕೋಲು ಬಿಲ್ಲಿನಂತೆ ಬಾಗಿ ದಾರವನ್ನು ಉರುಳಿಸುತ್ತಾ ಒಯ್ಯುತ್ತದೆ. ದಾರದ ತುದಿಗೆ ಒಂಬತ್ತು ಅಡಿಯಷ್ಟು ಸಣ್ಣವಾಗುತ್ತಾ ಹೋಗುವ ನೈಲಾನ್ ಎಳೆ, ಅದರ ತುದಿಗೆ ಫ್ಲೈ. ಎಸೆಯುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು, ಅದರ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ.

ತಲೆಕೆಡಿಸಿಕೊಳ್ಳಬೇಕಾದದ್ದು ಎಸೆದ ಮೇಲೆ ಏನಾಗುತ್ತದೆ ಅನ್ನುವುದಕ್ಕೆ. ಹೊಳೆಯ ಮೇಲ್ಮೈ ಒಂದೇ ವೇಗದಲ್ಲಿ ಹರಿಯುವುದಿಲ್ಲ. ನಿಮ್ಮ ಮತ್ತು ಮೀನಿನ ನಡುವೆ ನಾಲ್ಕೈದು ಪಟ್ಟಿಗಳಿರುತ್ತವೆ, ಒಂದು ಓಡುವ ಪಟ್ಟಿ, ಒಂದು ತೆವಳುವ ಪಟ್ಟಿ. ಓಡುವ ಪಟ್ಟಿ ನಿಮ್ಮ ದಾರವನ್ನು ಹೊಟ್ಟೆಯ ಹಾಗೆ ಉಬ್ಬಿಸಿ ಎಳೆದೊಯ್ಯುತ್ತದೆ. ಆಗ ತುದಿಯಲ್ಲಿರುವ ಫ್ಲೈ ಪಕ್ಕಕ್ಕೆ ಜಾರುತ್ತದೆ. ಎರಡೇ ಬೆರಳಗಲ ಜಾರಿದರೂ ಸಾಕು. ನಿಜವಾದ ಕೀಟ ಹಾಗೆ ಓಡುವುದಿಲ್ಲ ಅಂತ ಟ್ರೌಟ್‌ಗೆ ಗೊತ್ತು. ಗಾಳಕ್ಕೆ ಬೀಳದ ಮೀನುಗಳಲ್ಲಿ ಹೆಚ್ಚಿನವು ನಮ್ಮ ಫ್ಲೈ ಬಣ್ಣ ನೋಡಿ ಬಿಟ್ಟವಲ್ಲ, ಈ ಎಳೆತ ನೋಡಿ ಬಿಟ್ಟವು. ಹಾಗಾಗಿ ಮೀನಿನ ಹಿಂದಿನಿಂದ, ಅಂದರೆ ಕೆಳಹರಿವಿನಿಂದ ಹತ್ತಿರ ಹೋಗಿ, ದಾರ ಆದಷ್ಟು ಕಡಿಮೆ ನೀರಿನ ಮೇಲೆ ಬೀಳುವಂತೆ ಎಸೆಯುವುದು ಒಳ್ಳೆಯದು. ಟ್ರೌಟ್ ಮುಖ ಸೆಳವಿನ ಕಡೆಗಿರುವುದರಿಂದ ಬೆನ್ನ ಹಿಂದೆ ಬಂದವರು ಅದಕ್ಕೆ ಸುಲಭವಾಗಿ ಕಾಣುವುದಿಲ್ಲ.

ಇನ್ನು ತಿಂಗಳುಗಳಿಗೆ ಬರೋಣ. ಮಾರ್ಚ್, ಏಪ್ರಿಲ್ ಮೊದಲ ಭಾಗ: ನೀರು 5ರಿಂದ 8 ಡಿಗ್ರಿ. ಮೊಟ್ಟೆಯಿಟ್ಟು ಚಳಿ ಕಳೆದ ಮೀನು ಬಡಕಲಾಗಿರುತ್ತದೆ, ತಲೆ ದೊಡ್ಡದು ಮೈ ಸಣ್ಣದು. ಮಧ್ಯಾಹ್ನದ ಬಿಸಿಲಿಗೆ ನೀರು ಒಂದೆರಡು ಡಿಗ್ರಿ ಏರಿದಾಗ ಲಾರ್ಜ್ ಡಾರ್ಕ್ ಆಲಿವ್ ಅನ್ನುವ ಕೀಟ ಹೊರಬರುತ್ತದೆ. ನನಗೆ ಆ ಹಿರಿಯರು ಹೇಳಿದ ಒಂದು ಗಂಟೆ ಅದೇ. ಅದಕ್ಕೆ ಯಾರ್ಕ್‌ಶೈರ್‌ನವರು ಹಿಂದಿನಿಂದ ಬಳಸುವ ಫ್ಲೈ ವಾಟರ್‌ಹೆನ್ ಬ್ಲೋ. ಮನೆಯಲ್ಲಿ ನಾನು ಕಟ್ಟುವುದು ಹೀಗೆ: 14ನೆಯ ನಂಬರಿನ ಕೊಕ್ಕೆಯ ಮೇಲೆ ಹಳದಿ ರೇಷ್ಮೆ ಎಳೆಯನ್ನು ಒತ್ತೊತ್ತಾಗಿ ಸುತ್ತುತ್ತೇನೆ. ಆ ಎಳೆಗೆ ಮೇಣ ಸವರಿ, ನೆಲದಡಿ ಬಿಲ ತೋಡುವ ಮೋಲ್ ಎಂಬ ಪ್ರಾಣಿಯ ಬೂದು ತುಪ್ಪಳವನ್ನು ಚಿಟಿಕೆಯಷ್ಟು ಹೊಸೆಯುತ್ತೇನೆ. ಎಷ್ಟು ಕಡಿಮೆ ಅಂದರೆ, ಒದ್ದೆಯಾದಾಗ ಒಳಗಿನ ಹಳದಿ ಮಂಜಿನೊಳಗಿನ ದೀಪದಂತೆ ಕಾಣಬೇಕು. ಕೊನೆಗೆ ನೀರುಕೋಳಿಯ ರೆಕ್ಕೆಯ ಒಳಬದಿಯ ಹೊಗೆಬಣ್ಣದ ಒಂದು ಗರಿ, ಕುತ್ತಿಗೆಗೆ ಎರಡೇ ಸುತ್ತು. ಮೂರನೆಯ ಸುತ್ತು ಹಾಕಿದರೆ ಕೆಟ್ಟಿತು. ಒಣಗಿದಾಗ ಏನೂ ಅಲ್ಲದ ಹಾಗೆ ಕಾಣುವ ಇದನ್ನು ಒಂದು ಲೋಟ ನೀರಿಗೆ ಹಾಕಿ ನೋಡಿ. ಗರಿಯ ಎಳೆಗಳು ಸಣ್ಣ ಅಲುಗಾಟಕ್ಕೂ ಉಸಿರಾಡುತ್ತವೆ. ಇದು ನೀರಿನ ಮೇಲೆ ತೇಲುವ ಫ್ಲೈ ಅಲ್ಲ. ಮೇಲಕ್ಕೆ ಏಳಲು ಒದ್ದಾಡುತ್ತಿರುವ, ಮೇಲ್ಮೈಗೆ ಒಂದಂಗುಲ ಕೆಳಗಿರುವ ಕೀಟ.

ಏಪ್ರಿಲ್ ಹಾಗೆ ಹೀಗೆ ಅನ್ನುವಷ್ಟರಲ್ಲಿ ಮುಗಿಯುತ್ತದೆ. ಕೆಲವು ಹೊಳೆಗಳಲ್ಲಿ ಗ್ರಾನಮ್ ಎಂಬ ಕಂದು ಕೀಟ ಹಿಂಡುಹಿಂಡಾಗಿ ಬರುತ್ತದೆ. ತಿಂಗಳ ಕೊನೆಗೆ ದಡದ ಮುಳ್ಳುಪೊದೆಗಳ ಮೇಲೆ ಉದ್ದ ಕಾಲು ಇಳಿಬಿಟ್ಟು ಹಾರುವ ಕಪ್ಪು ಹಾಥಾರ್ನ್ ಫ್ಲೈ. ಅದು ನೀರಿನ ಕೀಟವಲ್ಲ, ಗಾಳಿ ತಂದು ಹಾಕುವ ಊಟ. ಗಾಳಿ ಬೀಸುವ ಮಧ್ಯಾಹ್ನ ಸಿಕ್ಕರೆ ಬಿಡಬೇಡಿ.

ಮೇ ಮಧ್ಯದಿಂದ ಜೂನ್ ಮೊದಲ ವಾರದವರೆಗೆ ಮೇಫ್ಲೈ. ದಕ್ಷಿಣದ ಟೆಸ್ಟ್, ಇಚೆನ್, ಕೆನೆಟ್ ಹೊಳೆಗಳಲ್ಲಿ, ಡರ್ಬಿಶೈರ್‌ನ ಡವ್‌ನಲ್ಲಿ ಇದು ಹಬ್ಬ. ಆ ಕೀಟದ ಬದುಕು ಕೇಳಿ. ಹೊಳೆಯ ತಳದ ಹೂಳಿನಲ್ಲಿ ಬಿಲ ಕೊರೆದುಕೊಂಡು, ಕಿವಿರು ಬಡಿಯುತ್ತಾ ಸುಮಾರು ಎರಡು ವರ್ಷ ಕತ್ತಲಲ್ಲಿ ಬದುಕುತ್ತದೆ. ಒಂದು ದಿನ ಈಜಿ ಮೇಲೆ ಬಂದು, ನೀರಿನ ಚರ್ಮದ ಮೇಲೆ ತನ್ನ ಚರ್ಮ ಸೀಳಿ, ಹಸಿರುಹಳದಿ ರೆಕ್ಕೆ ಬಿಚ್ಚಿ ಕೂರುತ್ತದೆ. ಇದಕ್ಕೆ ಡನ್ ಅಂತ ಹೆಸರು. ರೆಕ್ಕೆ ಒಣಗುವವರೆಗೆ ತೇಲುತ್ತದೆ, ಟ್ರೌಟ್ ತಿನ್ನುವುದು ಆಗಲೇ. ತಪ್ಪಿಸಿಕೊಂಡದ್ದು ಮರಕ್ಕೆ ಹಾರಿ, ಮತ್ತೊಮ್ಮೆ ಪೊರೆ ಕಳಚುತ್ತದೆ. ರೆಕ್ಕೆ ಬಂದ ಮೇಲೂ ಪೊರೆ ಬಿಡುವ ಕೀಟಗಳ ಬಳಗ ಇವತ್ತು ಭೂಮಿಯ ಮೇಲೆ ಇದೊಂದೇ. ಈಗ ರೆಕ್ಕೆ ಗಾಜಿನಂತೆ ಹೊಳೆಯುತ್ತದೆ, ಹೆಸರು ಸ್ಪಿನ್ನರ್. ತಿನ್ನಲು ಬಾಯಿಯೇ ಇಲ್ಲ. ಉಳಿದಿರುವ ಕೆಲಸ ಕೂಡುವುದು, ಮೊಟ್ಟೆ ಇಡುವುದು. ಸಂಜೆ ಗಂಡುಗಳು ಮರದ ಪಕ್ಕ ಏರಿ ಇಳಿದು ಕುಣಿಯುತ್ತವೆ. ಹೆಣ್ಣು ನೀರಿಗೆ ಹೊಟ್ಟೆ ಮುಟ್ಟಿಸಿ ಮುಟ್ಟಿಸಿ ಸಾವಿರಾರು ಮೊಟ್ಟೆ ಇಟ್ಟು, ರೆಕ್ಕೆ ಚಾಚಿ ನೀರಿನ ಮೇಲೆ ಮಲಗಿ ಸಾಯುತ್ತದೆ. ಮಾರ್ಚ್‌ನ ಸಣ್ಣ ಕೀಟ ಆದಿಯಾಗಿ ರೆಕ್ಕೆ ನೆಟ್ಟಗೆ ನಿಲ್ಲಿಸುವ ಈ ಬಳಗದ ಎಲ್ಲಕ್ಕೂ ಹೀಗೇ ಎರಡು ರೂಪ: ಹುಟ್ಟುವಾಗ ಡನ್, ಸಾಯುವಾಗ ಸ್ಪಿನ್ನರ್.

ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳಿದೆ ಅಂದರೆ, ಒಂದು ಜೂನ್ ಸಂಜೆ. ನೀರು 14 ಡಿಗ್ರಿ. ವಾರ್ಫ್‌ನ ಒಂದು ತಿರುವಿನಲ್ಲಿ, ಆಲ್ಡರ್ ಮರದ ಬೇರಿನ ಪಕ್ಕದಲ್ಲಿ ಒಂದು ಮೀನು ಏಳುತ್ತಿತ್ತು. ಬ್ಲೂ ವಿಂಗ್ಡ್ ಆಲಿವ್ ಅನ್ನುವ ಕೀಟ ನೀರಿನ ಮೇಲೆ ಸಾಲಾಗಿ ತೇಲುತ್ತಿತ್ತು, ನೆಟ್ಟಗಿನ ನೀಲಿಬೂದು ರೆಕ್ಕೆ, ಸ್ಪಷ್ಟವಾಗಿ ಕಾಣುತ್ತಿತ್ತು. ಅದರಂತೆಯೇ ಕಟ್ಟಿದ ಫ್ಲೈ ಹಾಕಿದೆ. ಬರಲಿಲ್ಲ. ಎಳೆ ಸಣ್ಣದು ಮಾಡಿದೆ, ಇಲ್ಲ. ಕೊಕ್ಕೆ ಚಿಕ್ಕದು ಮಾಡಿದೆ, ಇಲ್ಲ. ನಿಜವಾದ ಕೀಟವೊಂದು ಅದರ ತಲೆಯ ಮೇಲೇ ತೇಲಿ ಹೋಯಿತು, ಅದನ್ನೂ ಬಿಟ್ಟಿತು! ಆಗ ಕೋಲು ಕೆಳಗಿಟ್ಟು ಕೂತೆ. ಮೀನು ಏಳುವ ರೀತಿ ನೋಡಿದೆ. ಚಿಮ್ಮುತ್ತಿರಲಿಲ್ಲ, ಸದ್ದಿರಲಿಲ್ಲ. ಮೂಗಿನ ತುದಿ ಮಾತ್ರ ಮೇಲೆ ಬಂದು ಒಂದು ಪುಟ್ಟ ಉಂಗುರ ಬಿಟ್ಟು ಹೋಗುತ್ತಿತ್ತು, ಹಾಲು ಹೀರುವ ಹಾಗೆ. ತಪ್ಪಿಸಿಕೊಳ್ಳುವ ಆಹಾರವನ್ನು ಯಾರೂ ಇಷ್ಟು ನಿಧಾನವಾಗಿ ತಿನ್ನುವುದಿಲ್ಲ. ದಡದಲ್ಲಿ ಬಗ್ಗಿ, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ನೋಡಿದೆ. ನೆಟ್ಟಗೆ ನಿಂತ ಡನ್‌ಗಳ ನಡುವೆ, ನಿಂತು ನೋಡಿದರೆ ಕಾಣದ ಹಾಗೆ, ನೂರಾರು ಸ್ಪಿನ್ನರ್‌ಗಳು ಚಪ್ಪಟೆಯಾಗಿ ಬಿದ್ದಿದ್ದವು. ಇಟ್ಟಿಗೆಯ ಕೆಂಪು ಮೈ, ಗಾಜಿನ ರೆಕ್ಕೆ. ಮೇಲ್ಹರಿವಿನಲ್ಲಿ ಮೊಟ್ಟೆಯಿಟ್ಟು ಸತ್ತವು. ಓಡಿಹೋಗದ ಊಟ ಇಷ್ಟಿರುವಾಗ ಹಾರಿಹೋಗುವ ಊಟ ಯಾಕೆ ಬೇಕು?

ಇನ್ನೊಂದು ಸಂಗತಿ ಆ ಸಂಜೆ ಅರ್ಥವಾಯಿತು. ನೀರಿನೊಳಗಿಂದ ಮೇಲೆ ನೋಡುವ ಮೀನಿಗೆ ಹೊರಗಿನ ಇಡೀ ಲೋಕ ಒಂದು ದುಂಡನೆಯ ಕಿಟಕಿಯೊಳಗೆ ಕಾಣುತ್ತದೆ. ಬೆಳಕು ಬಾಗುವುದರಿಂದ ಆ ಕಿಟಕಿಯ ಕೋನ ಸುಮಾರು 97 ಡಿಗ್ರಿ. ಕಿಟಕಿಯ ಅಗಲ ಮೀನಿರುವ ಆಳದ ಎರಡೂಕಾಲು ಪಟ್ಟು. ಒಂದು ಅಡಿ ಕೆಳಗಿದ್ದರೆ ಎರಡೂಕಾಲು ಅಡಿ ಕಾಣುತ್ತದೆ. ಎರಡೇ ಅಂಗುಲ ಕೆಳಗಿದ್ದರೆ ಕಿಟಕಿ ನಾಲ್ಕೂವರೆ ಅಂಗುಲದ್ದು, ಒಂದು ಅಂಗೈ ಅಗಲ ಅಷ್ಟೇ. ಸ್ಪಿನ್ನರ್ ತಿನ್ನುವ ಟ್ರೌಟ್ ಮೇಲ್ಮೈಗೆ ಅಂಟಿಕೊಂಡೇ ಇರುತ್ತದೆ. ನನ್ನ ಫ್ಲೈ ಆ ಅಂಗೈಯೊಳಗೇ ಬೀಳಬೇಕು, ಒಂದು ಗೇಣು ಆಚೆ ಬಿದ್ದರೂ ಅದು ಲೆಕ್ಕಕ್ಕಿಲ್ಲ. ಕೆಂಪು ಮೈಯ, ರೆಕ್ಕೆ ಚಾಚಿದ ಒಂದು ಫ್ಲೈ ಕಟ್ಟಿ ಏಳು ಸಲ ಎಸೆದೆ. ಏಳನೆಯ ಸಲ ಆ ಪುಟ್ಟ ಉಂಗುರ ನನ್ನ ಫ್ಲೈ ಇದ್ದ ಕಡೆ ಬಿತ್ತು. ಹನ್ನೊಂದು ಅಂಗುಲದ ಮೀನು. ಅದಕ್ಕಾಗಿ ಕಳೆದ ಒಂದು ಗಂಟೆ ಹತ್ತು ನಿಮಿಷದಲ್ಲಿ ನಲವತ್ತು ನಿಮಿಷ ಬರೀ ನೋಡುವುದಕ್ಕೆ ಹೋಗಿತ್ತು.

ತೇಲುವ ಫ್ಲೈ ಹಾಕಬೇಕೋ ಮುಳುಗುವ ಫ್ಲೈ ಹಾಕಬೇಕೋ ಅನ್ನುವ ಜಗಳ ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಜೋರಾಗಿತ್ತು. ಸುಣ್ಣನೆಲದ ಒರತೆಯಿಂದ ಹುಟ್ಟುವ ದಕ್ಷಿಣದ ಹೊಳೆಗಳು ಬಹಳ ತಿಳಿ, ಒರತೆಯ ಬಾಯಲ್ಲಿ ವರ್ಷಪೂರ್ತಿ ಹತ್ತು ಹನ್ನೊಂದು ಡಿಗ್ರಿ. ಅಲ್ಲಿ ಏಳುತ್ತಿರುವ ಮೀನಿಗೆ ತೇಲುವ ಫ್ಲೈ ಮಾತ್ರ ಸರಿ ಅಂತ ಫ್ಲೈ ಮೀನುಗಾರ ಹಾಲ್‌ಫರ್ಡ್‌ನ ಬಳಗ ಹೇಳಿತು. ಮೀನು ನೀರೊಳಗೆ ತಿನ್ನುತ್ತಿರುವಾಗ ನೀರೊಳಗೇ ಕೊಡುವುದರಲ್ಲಿ ತಪ್ಪೇನು ಅಂತ ಇಚೆನ್ ಹೊಳೆಯಲ್ಲಿ ಗಾಳ ಹಾಕುತ್ತಿದ್ದ ಸ್ಕ್ಯೂಸ್ ಕೇಳಿದರು. 1938ರಲ್ಲಿ ಲಂಡನ್ನಿನ ಫ್ಲೈಫಿಷರ್ಸ್ ಕ್ಲಬ್ಬಿನಲ್ಲಿ ಇದರ ಮೇಲೆ ಚರ್ಚಾಕೂಟವೇ ನಡೆಯಿತು. ನಾನು ಸ್ಕ್ಯೂಸ್ ಪಕ್ಷ. ಟ್ರೌಟ್ ತನ್ನ ಊಟದ ಬಹುಪಾಲನ್ನು ನೀರೊಳಗೇ ತಿನ್ನುತ್ತದೆ. ಏವನ್ ಹೊಳೆ ಕಾಯುತ್ತಿದ್ದ ಫ್ರಾಂಕ್ ಸಾಯರ್ ಫೆಸೆಂಟ್ ಹಕ್ಕಿಯ ಬಾಲದ ಗರಿ ಮತ್ತು ತೆಳು ತಾಮ್ರದ ತಂತಿ, ಇವೆರಡರಿಂದಲೇ ಒಂದು ನಿಂಫ್ ಕಟ್ಟಿದರು, ಅಂದರೆ ರೆಕ್ಕೆ ಬರುವ ಮುಂಚೆ ನೀರೊಳಗಿರುವ ಮರಿಕೀಟದಂಥ ಫ್ಲೈ. ನೂಲೇ ಇಲ್ಲ, ತಂತಿಯೇ ನೂಲು, ತಂತಿಯೇ ತೂಕ. ನನ್ನ ಡಬ್ಬಿಯಲ್ಲಿ ಒಂದೇ ಒಂದು ಫ್ಲೈ ಉಳಿಸಿಕೋ ಅಂದರೆ ಅದನ್ನು ಉಳಿಸಿಕೊಳ್ಳುತ್ತೇನೆ.

ಜುಲೈ, ಆಗಸ್ಟ್. ಇಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಬೇಕು. ಒಂದು ಬಿರುಬಿಸಿಲಿನ ವಾರ, ಹೊಳೆ ಕಲ್ಲು ಕಾಣುವಷ್ಟು ಇಳಿದಿತ್ತು. ಥರ್ಮಾಮೀಟರ್ ಮನೆಯಲ್ಲಿ ಬಿಟ್ಟು ಬಂದಿದ್ದೆ. ಕೈ ಅದ್ದಿ ನೋಡಿ ತಣ್ಣಗಿದೆ ಅಂದುಕೊಂಡೆ. ಬಿಸಿಲಲ್ಲಿ ಕಾದ ಕೈಗೆ ಎಲ್ಲ ನೀರೂ ತಣ್ಣಗೇ. ನಡುಮಧ್ಯಾಹ್ನ ಬಿಳಿ ನೊರೆಯ ಸೆಳವಿನಲ್ಲಿ ಒಂದು ಒಳ್ಳೆಯ ಮೀನು ಬಿತ್ತು. ನಾಲ್ಕು ನಿಮಿಷ ಆಡಿಸಿದೆ, ಎತ್ತಿ ಫೋಟೋ ತೆಗೆದೆ, ಬಿಟ್ಟೆ. ಅದು ಈಜಲಿಲ್ಲ. ಹೊಟ್ಟೆ ಮೇಲಾಗಿ ವಾಲಿತು. ತಲೆಯನ್ನು ಸೆಳವಿನ ಕಡೆ ಹಿಡಿದು ಇಪ್ಪತ್ತು ನಿಮಿಷ ನೀರಲ್ಲಿ ಮಂಡಿಯೂರಿ ಕೂತೆ. ಕಿವಿರು ತೆರೆಯುವುದು ನಿಧಾನವಾಗುತ್ತಾ ಬಂದು ನಿಂತಿತು. ಮರುದಿನ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಅಳೆದಾಗ 21 ಡಿಗ್ರಿ.

10 ಡಿಗ್ರಿಯ ನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ, 20 ಡಿಗ್ರಿಯದು 9 ಮಾತ್ರ. ಬಿಸಿ ಏರಿದಂತೆ ಮೀನಿನ ಮೈಗೆ ಹೆಚ್ಚು ಉಸಿರು ಬೇಕು, ನೀರಲ್ಲಿ ಕಡಿಮೆ ಇರುತ್ತದೆ. ಟ್ರೌಟ್ ಚೆನ್ನಾಗಿ ಬೆಳೆಯುವುದು 13 ಡಿಗ್ರಿ ಆಸುಪಾಸಿನಲ್ಲಿ. 19 ದಾಟಿದರೆ ತಿನ್ನುವುದನ್ನೇ ಬಿಡುತ್ತಾ ಬರುತ್ತದೆ. 25ರ ಹತ್ತಿರ ಬದುಕುವುದೇ ಕಷ್ಟ. ಅಂದಿನಿಂದ ನನ್ನ ನಿಯಮ: 19 ಕಂಡರೆ ಕೋಲು ಬಿಚ್ಚಿ ಚೀಲಕ್ಕೆ ಹಾಕುವುದು. ಈ ಎರಡು ತಿಂಗಳು ಬೆಳಗಿನ ಜಾವ ನಾಲ್ಕೂವರೆಗೆ ಹೋಗಿ ಎಂಟಕ್ಕೆ ವಾಪಸ್. ರಾತ್ರಿಯಿಡೀ ತಣಿದ ನೀರು ಆಗ ಅತ್ಯಂತ ತಂಪು. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೊಳ್ಳಿ. ಮೀನನ್ನು ಬೇಗ ಹತ್ತಿರ ತನ್ನಿ. ಮುಟ್ಟುವ ಮುಂಚೆ ಕೈ ಒದ್ದೆ ಮಾಡಿ, ಒಣ ಕೈ ಅದರ ಮೈಯ ಲೋಳೆಯನ್ನು ಕಿತ್ತುಬಿಡುತ್ತದೆ. ಆದಷ್ಟು ನೀರಿನಿಂದ ಎತ್ತಲೇಬೇಡಿ. ಆ ಸತ್ತ ಮೀನಿನ ಫೋಟೋ ನನ್ನ ಹತ್ತಿರ ಈಗಲೂ ಇದೆ, ಅಳಿಸಲು ಮನಸ್ಸಾಗಿಲ್ಲ.

ಹೊಳೆ ಕೆಟ್ಟರೆ ಮೀನಿಗಿಂತ ಮೊದಲು ಹೋಗುವುದು ಕೀಟ. ಅದಕ್ಕೆ ಹಲವು ಹೊಳೆಗಳಲ್ಲಿ ಗಾಳದವರೇ ಕೀಟ ಎಣಿಸುತ್ತಾರೆ. ಬಲೆಯನ್ನು ನೀರಲ್ಲಿ ನಿಲ್ಲಿಸಿ, ಅದರ ಮುಂದೆ ಮೂರು ನಿಮಿಷ ಕಾಲಿನಿಂದ ಕಲ್ಲು ಕೆದಕುವುದು. ಬಲೆಗೆ ಬಂದದ್ದನ್ನು ಬಿಳಿ ತಟ್ಟೆಗೆ ಸುರಿದು ಎಂಟು ಗುಂಪುಗಳಾಗಿ ಎಣಿಸುವುದು. ಮೇಫ್ಲೈ, ಆಲಿವ್, ಗೂಡು ಕಟ್ಟಿಕೊಳ್ಳುವ ಕ್ಯಾಡಿಸ್, ಸಿಹಿನೀರಿನ ಸಿಗಡಿ ಹೀಗೆ. ಎಣಿಕೆ ಗೊತ್ತುಪಡಿಸಿದ ಮಟ್ಟಕ್ಕಿಂತ ಕೆಳಗಿಳಿದರೆ ಮೇಲೆಲ್ಲೋ ಕೊಳಚೆ ಸೇರಿದೆ ಅಂತ ಕೂಡಲೇ ವರದಿ ಹೋಗುತ್ತದೆ. ಒಂದು ವರ್ಷ ನನ್ನ ತಟ್ಟೆಯಲ್ಲಿ ಹುಳುಗಳ ಬದಲು ಬೂದುಬಣ್ಣದ ಲೋಳೆ ಬಂತು, ಕೆಟ್ಟ ವಾಸನೆ. ಕಲ್ಲುಗಳ ಅಡಿ ಏನೂ ಇರಲಿಲ್ಲ. ಆ ಜಾಗಕ್ಕೆ ಆಲಿವ್ ಕೀಟ ಮರಳಿ ಬರಲು ಮುಂದಿನ ಬೇಸಿಗೆಯಾಯಿತು. ಈ ಎಣಿಕೆಗೆ ಬನ್ನಿ ಅಂತ ಯಾರು ಕರೆದರೂ ಹೋಗಿ. ಮೀನು ಹಿಡಿಯಲು ಬರದವರಿಗೂ ಕೀಟ ಎಣಿಸಲು ಬರುತ್ತದೆ.

ಸೆಪ್ಟೆಂಬರಿಗೆ ನೀರು ಮತ್ತೆ 12, 13ಕ್ಕೆ ಇಳಿಯುತ್ತದೆ. ಹುಲ್ಲುಗಾವಲಿನಿಂದ ಉದ್ದ ಕಾಲಿನ ಡ್ಯಾಡಿ ಲಾಂಗ್‌ಲೆಗ್ಸ್ ಹಾರಿ ಬಂದು ನೀರಿಗೆ ಬೀಳುತ್ತದೆ, ಮೀನು ಯೋಚನೆಯಿಲ್ಲದೆ ಎಗರಿ ನುಂಗುತ್ತದೆ. ಚಳಿಗೆ ಮುಂಚೆ ತುಂಬಿಸಿಕೊಳ್ಳುವ ಅವಸರ. ಗಂಡಿನ ಕೆಳದವಡೆ ಮೇಲಕ್ಕೆ ಬಾಗುತ್ತದೆ, ಮೈ ಕಪ್ಪಡರುತ್ತದೆ. ಹೆಣ್ಣಿನ ಹೊಟ್ಟೆ ಕೈಗೆ ಭಾರವಾಗುತ್ತದೆ. ಹಿಡಿದು ನೋಡಿದಾಗ ಹಾಗನ್ನಿಸಿತೋ, ತಿಂಗಳ ಕೊನೆಯವರೆಗೆ ಅವಕಾಶವಿದ್ದರೂ ನಾನು ಅಂದೇ ನಿಲ್ಲಿಸುತ್ತೇನೆ.

ಆದರೆ ಹೊಳೆಗೆ ಹೋಗುವುದನ್ನು ನಿಲ್ಲಿಸುವುದಿಲ್ಲ. ನವೆಂಬರಿನಲ್ಲಿ ಕೋಲಿಲ್ಲದೆ, ಥರ್ಮಾಮೀಟರ್ ಜೇಬಲ್ಲಿಟ್ಟುಕೊಂಡು ಹೋಗುತ್ತೇನೆ. ಮೂರು ವರ್ಷದ ಹಿಂದೆ, ನನ್ನನ್ನು ಕೂಗಿ ನಿಲ್ಲಿಸಿದ್ದರಲ್ಲ, ಅದೇ ಗರಸಿನ ಜಾಗಕ್ಕೆ ಆ ಹಿರಿಯರೇ ಕರೆದುಕೊಂಡು ಹೋದರು. ಪೊದೆಯ ಹಿಂದೆ ಹೊಟ್ಟೆ ಊರಿ ಮಲಗಿ ನೋಡಿದೆವು. ಮೊಣಕಾಲುದ್ದ ನೀರಿನಲ್ಲಿ ಒಂದು ಹೆಣ್ಣು ಮೀನು ಪಕ್ಕಕ್ಕೆ ಹೊರಳಿ ಬಾಲದಿಂದ ಗರಸನ್ನು ಬಡಿಯುತ್ತಿತ್ತು. ಪ್ರತಿ ಬಡಿತಕ್ಕೂ ಹೂಳು ಮೋಡದಂತೆ ಎದ್ದು ಸೆಳವಿನಲ್ಲಿ ಕರಗುತ್ತಿತ್ತು, ಕೆಳಗಿನ ಕಲ್ಲುಗಳು ತೊಳೆದ ಹಾಗೆ ಬೆಳ್ಳಗಾಗುತ್ತಿದ್ದವು. ಗುಂಡಿಯಾದ ಮೇಲೆ ಗಂಡು ಪಕ್ಕಕ್ಕೆ ಬಂತು, ಎರಡೂ ಬಾಯಿ ತೆರೆದು ಒಂದು ಕ್ಷಣ ನಡುಗಿದವು. ಆಮೇಲೆ ಹೆಣ್ಣು ಸ್ವಲ್ಪ ಮೇಲಕ್ಕೆ ಹೋಗಿ ಮತ್ತೆ ಬಡಿಯಿತು. ಅಲ್ಲಿಂದ ಎದ್ದ ಗರಸು ಹರಿದುಬಂದು ಮೊಟ್ಟೆಗಳನ್ನು ಮುಚ್ಚಿತು.

ಇಲ್ಲಿಂದ ಮುಂದೆ ಎಲ್ಲ ಲೆಕ್ಕ. ಪ್ರತಿ ದಿನದ ನೀರಿನ ಡಿಗ್ರಿಯನ್ನು ಕೂಡುತ್ತಾ ಹೋಗಿ. ಮೊತ್ತ 400ರಿಂದ 450 ಮುಟ್ಟಿದಾಗ ಮೊಟ್ಟೆ ಒಡೆಯುತ್ತದೆ. ನೀರು 5 ಡಿಗ್ರಿ ಇದ್ದರೆ ಸುಮಾರು 85 ದಿನ, 10 ಡಿಗ್ರಿ ಇದ್ದರೆ ಅದರರ್ಧ. 1864ರಲ್ಲಿ ಇಂಗ್ಲೆಂಡಿನಿಂದ ಟಾಸ್ಮೇನಿಯಾಕ್ಕೆ ಟ್ರೌಟ್ ಮೊಟ್ಟೆ ಸಾಗಿಸಿದವರು ಪಾಚಿಯಲ್ಲಿ ಸುತ್ತಿ ಮಂಜುಗಡ್ಡೆಯ ನಡುವೆ ಇಟ್ಟಿದ್ದರು. ಹಡಗಿನ ಮೂರು ತಿಂಗಳು ಈ ಲೆಕ್ಕ ಮುಂದೆ ಸಾಗದಂತೆ ತಡೆದದ್ದರಿಂದಲೇ ಭೂಮಿಯ ಆ ತುದಿಯ ಹೊಳೆಗಳಲ್ಲಿ ಇವತ್ತು ಬ್ರೌನ್ ಟ್ರೌಟ್ ಇದೆ. ಒಡೆದ ಮೇಲೂ ಮರಿ ಹೊರಗೆ ಬರುವುದಿಲ್ಲ. ಹೊಟ್ಟೆಗೆ ಅಂಟಿದ ಹಳದಿ ಚೀಲದ ಸಾರವನ್ನೇ ಉಂಡು, ಬಹುತೇಕ ಅಷ್ಟೇ ಡಿಗ್ರಿ ಮತ್ತೊಮ್ಮೆ ಕೂಡುವವರೆಗೆ ಕಲ್ಲುಗಳ ಸಂದಿಯಲ್ಲೇ ಇರುತ್ತದೆ.

ಆ ದಿನ ದಾಖಲಾದದ್ದು 6 ಡಿಗ್ರಿ. ಮನೆಗೆ ಬಂದು ಪುಸ್ತಕ ತೆರೆದು ಕೂಡಿಸಿದೆ. ನವೆಂಬರ್ ಮಧ್ಯದಲ್ಲಿ ಇಟ್ಟ ಮೊಟ್ಟೆ, ಚಳಿಗಾಲದ ನಾಲ್ಕೈದು ಡಿಗ್ರಿಯಲ್ಲಿ, ಒಡೆಯುವುದು ಫೆಬ್ರವರಿ ಕೊನೆಗೆ. ಮರಿ ಗರಸಿನಿಂದ ಮೇಲೆ ಬರುವುದು ಏಪ್ರಿಲ್ ಕೊನೆಗೆ, ಇಲ್ಲವೇ ಮೇ ಮೊದಲಲ್ಲಿ. ಹಾಗಾದರೆ ಮಾರ್ಚ್ ಕೊನೆಯ ವಾರ, ಋತು ತೆರೆದ ಮೊದಲ ಬೆಳಿಗ್ಗೆ ಎಂಟು ಗಂಟೆಗೆ, ದಪ್ಪ ಬೂಟು ಹಾಕಿಕೊಂಡು ನಾನು ಕಾಲಿಟ್ಟ ಆ ಬಿಳಿ ಗರಸಿನ ಒಂದು ಗೇಣು ಕೆಳಗೆ, ಇನ್ನೂ ಈಜಲು ಬಾರದ ನೂರಾರು ಮರಿಗಳಿದ್ದವು.